ಬೆನ್ನ ಮೇಲೆ ರಂಗಪ್ಪ

ಮನುಷ್ಯನಿಗೆ ತನ್ನ ಹತ್ತಿರ ಏನಿಲ್ಲವೆಂದು ಗೊತ್ತಾಗುವುದು ಫಾರ್ಮ್ ತುಂಬುವಾಗ. ನನಗೆ ಸರ್‌ನೇಮ್ ಇಲ್ಲ. ಮಂಡ್ಯದಲ್ಲಿ ಇದ್ದಷ್ಟು ದಿನ ಅದೊಂದು ಕೊರತೆ ಅನ್ನಿಸಿಯೇ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟು ಆ ಖಾಲಿ ಜಾಗಕ್ಕೆ ನಮ್ಮಪ್ಪನ ಹೆಸರು ತುಂಬಿಬಿಟ್ಟ. ಹೀಗಾಗಿ ಕತಾರ್‌ಗೆ ಬಂದಮೇಲೆ, ಮೆಸಯೀದಿನ ಆಫೀಸಿನಲ್ಲಿ ಶ್ರೀನಿವಾಸನೆಂಬ ನಾನು ಮಾಯವಾಗಿ, ನಿವೃತ್ತ ಹೆಡ್‌ಮಾಸ್ಟರ್ ರಂಗಪ್ಪನವರು ನನ್ನ ಕುರ್ಚಿಯಲ್ಲಿ ಕೂತರು. "ರಂಗಪ್ಪ, ಇವತ್ತೂ ಲೇಟಾ?" ಎಂದು ಯಾರಾದರೂ ಕೇಳಿದರೆ ನನಗೆ ಸಂಕಟವಾಗುತ್ತದೆ. ಜೀವಮಾನದಲ್ಲಿ ಒಂದು ದಿನವೂ ಶಾಲೆಗೆ ತಡವಾಗಿ ಹೋಗದ ಮನುಷ್ಯ, ಪಾಪ.

ನಮ್ಮ ಮ್ಯಾನೇಜರ್ ಜಾನ್ಸನ್ ಇಂಗ್ಲೆಂಡಿನವರು. ಒಮ್ಮೆ ಚಹಾ ಕುಡಿಯುತ್ತಾ ತಮ್ಮ ಹೆಸರಿನ ಹುಟ್ಟು ಹೇಳಿದರು. ಜಾನ್ಸನ್ ಎಂದರೆ ಜಾನ್‌ನ ಮಗ, ಅಷ್ಟೆ. ಯಾವುದೋ ಕಾಲದಲ್ಲಿ ಯಾರೋ ಜಾನ್ ಇದ್ದ, ಅವನಿಗೊಬ್ಬ ಮಗನಿದ್ದ, ಆಮೇಲೆ ಯಾರೂ ಬದಲಿಸುವ ಗೋಜಿಗೆ ಹೋಗಲಿಲ್ಲ. ಇವರ ಸ್ವಂತ ತಂದೆಯ ಹೆಸರು ಪೀಟರ್ ಅಂತೆ. ನನಗೆ ಹಿಗ್ಗೋ ಹಿಗ್ಗು. ದೊರೆಗಳೂ ನಮ್ಮ ಹಾಗೆ ಅಪ್ಪನ ಹೆಸರು ಅಂಟಿಸಿಕೊಂಡವರೇ. ನಮ್ಮದು ಬಿಸಿಬಿಸಿ, ಅವರದು ತಂಗಳು. ಒಂದು ವಾರ ಕ್ಯಾಂಟೀನಿನಲ್ಲಿ ಇದನ್ನೇ ಉಪನ್ಯಾಸ ಮಾಡಿದೆ.

ಫುಟ್‌ಬಾಲ್ ವಿಶ್ವಕಪ್‌ನ ವರ್ಷ ಅದು. ಜ್ವರ ಆಫೀಸಿಗೂ ಹತ್ತಿ, ವಿಭಾಗಗಳ ನಡುವೆ ಪಂದ್ಯ ಇಟ್ಟರು. ಎರಡು ಕಂಬಗಳ ನಡುವಿನ ಜಾಗವನ್ನು ಎಲ್ಲರಿಗಿಂತ ಹೆಚ್ಚು ತುಂಬುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಗೋಲ್‌ಕೀಪರ್ ಮಾಡಿದರು. ನಜ್ಮಾ ಬಡಾವಣೆಯ ಅಂಗಡಿಯಿಂದ ಜೆರ್ಸಿ ಬಂತು. ಬೆನ್ನ ಮೇಲೆ ದಪ್ಪಕ್ಷರದಲ್ಲಿ ರಂಗಪ್ಪ. ಹೆಂಡತಿ ಫೋಟೋ ತೆಗೆದು ಊರಿಗೆ ಕಳಿಸಿದಳು. ಅಪ್ಪ ಅದನ್ನು ಬೀದಿಗೆಲ್ಲ ತೋರಿಸಿ, ಆಟವನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಬೇಕೆಂದು ಅಪ್ಪಣೆ ಮಾಡಿದರು. ಅಪ್ಪನ ಹೆಸರು ಉಳಿಸು ಎಂದು ಹಿರಿಯರು ಹೇಳುತ್ತಿದ್ದ ಮಾತು ಹೀಗೆ ಹೊಲಿಗೆ ಹಾಕಿಸಿಕೊಂಡು ಬರುತ್ತದೆಂದು ನಾನು ಎಣಿಸಿರಲಿಲ್ಲ. ನಿಜಕ್ಕೂ ಹೆದರಿದೆ.

ಏಳು ಗೋಲು ಬಿಟ್ಟೆ. ಪ್ರತಿ ಗೋಲಿಗೂ ಮೈದಾನವೆಲ್ಲ ರಂಗಪ್ಪ, ರಂಗಪ್ಪ ಎಂದು ಕೂಗಿ ನಕ್ಕಿತು. ಅದರಲ್ಲೊಂದನ್ನು ದಿಕ್ಕು ತಪ್ಪಿ ಒದ್ದವರು ನಮ್ಮ ತಂಡದ ಜಾನ್ಸನ್ನೇ. ಆದರೂ ನಿರಾಳವಾಗಿ ನೀರು ಕುಡಿಯುತ್ತಿದ್ದರು. ನನ್ನ ಮುಖವನ್ನೂ ಗೆರೆಯಾಚೆ ನನ್ನ ಹೆಂಡತಿ ಹಿಡಿದು ನಿಂತಿದ್ದ ಫೋನನ್ನೂ ನೋಡಿ, "ನನ್ನ ಜಾನ್ ಸತ್ತು ಎಷ್ಟೋ ಶತಮಾನ ಆಯಿತು. ನಿನ್ನ ರಂಗಪ್ಪ ಫೋನಲ್ಲಿ ನೋಡ್ತಾ ಇದ್ದಾರೆ" ಎಂದರು.

ಅಲ್ ಅಜೀಜಿಯಾದ ಮನೆಗೆ ಬರುವಷ್ಟರಲ್ಲಿ ಅಪ್ಪನ ಫೋನು. ಅಳುಕುತ್ತಲೇ ಎತ್ತಿಕೊಂಡೆ.

"ಹೋಗ್ಲಿ ಬಿಡು ಮಗ. ನಾನೇ ನಿಂತಿದ್ರೂ ಏಳು ಬಿಡ್ತಿದ್ದೆ. ಅಷ್ಟು ಜನ ನನ್ನ ಹೆಸರು ಕೂಗಿದ್ದು ಇದೇ ಮೊದಲು ಕಣಪ್ಪ."

ಫೋನ್ ಇಟ್ಟೆನೋ ಇಲ್ಲವೋ, ಮಗಳ ಶಾಲೆಯಿಂದ ಸಂದೇಶ ಬಂತು. ಅವಳ ಪಾಸ್‌ಪೋರ್ಟಿನ ಖಾಲಿ ಜಾಗದಲ್ಲಿರುವುದು ನನ್ನ ಹೆಸರು. ಮಿಸ್ ಶ್ರೀನಿವಾಸ ಈ ವಾರವೂ ಹೋಂವರ್ಕ್ ಮಾಡಿಲ್ಲ, ಕ್ಲಾಸಿನಲ್ಲಿ ಬರೀ ಮಾತು ಎಂದು ಟೀಚರ್ ಬರೆದಿದ್ದರು. ನನ್ನ ಹೆಸರು ಕೆಡಿಸುತ್ತೀಯಲ್ಲೇ ಎಂದು ಗದರಲು ಬಾಯಿ ತೆರೆದೆ. ಜೆರ್ಸಿ ಇನ್ನೂ ಬಿಚ್ಚಿರಲಿಲ್ಲ. ಬಾಯಿ ಮುಚ್ಚಿಕೊಂಡು, ಅವಳಿಗೆ ಬೆನ್ನು ಕಾಣದ ಹಾಗೆ ಹಿಂದು ಹಿಂದಕ್ಕೇ ಹೆಜ್ಜೆಯಿಟ್ಟು ಬಚ್ಚಲುಮನೆ ಸೇರಿದೆ.