ಹಾಸುಗಲ್ಲಿನ ಐದು ಚುಕ್ಕೆ

"ಈ ತಿಂಗಳು ಮುಗಿಯೋದರೊಳಗೆ ಹಿತ್ತಿಲಿಗೆ ಕಲ್ಲು ಹಾಸಿ, ಕಲ್ಲಿನ ಮೇಲೆ ಕುರ್ಚಿ ಹಾಕಿ, ಕುರ್ಚಿ ಮೇಲೆ ಅತ್ತೇನ ಕೂರಿಸದೇ ಇದ್ರೆ ನನ್ನ ಹೆಸರು ಬದಲಾಯಿಸಿ!"

ಹಿತ್ತಿಲ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಸೌಟನ್ನು ಖಡ್ಗದಂತೆ ಎತ್ತಿ ಅವಳು ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದಳು. ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ.

"ಬದಲಾಯಿಸೋಕೆ ಏನು ಉಳಿದಿದೆ? ಬೀದಿಯವರು ಆಗಲೇ ಬದಲಾಯಿಸಿ ಮುಗಿಸಿದ್ದಾರಲ್ಲ!"

ಅದೂ ನಿಜವೇ. ಬೇಕರಿಯಲ್ಲಿ ಕೇಕುಗಳಿಗೆ ಅಲಂಕಾರ ಮಾಡುವ ಅವಳನ್ನು ಬೀದಿಯೆಲ್ಲ ಕೇಕಮ್ಮ ಎಂದೇ ಕರೆಯುತ್ತಿತ್ತು. ಅಂಚೆಯವನು ಕೂಡ ಅಸಲಿ ಹೆಸರು ಓದಿ, "ಇದ್ಯಾರು ಈ ಮನೇಲಿ?" ಎಂದು ಕೇಳಿದ್ದುಂಟು.

ಹಿತ್ತಿಲ ಕೆಸರಿನ ಮೇಲೆ ಅವಳಿಗೆ ಹಗೆ ಹುಟ್ಟಲು ಕಾರಣವಿತ್ತು. ಬಟ್ಟೆ ಒಣಹಾಕಲು ಹೋದ ಅತ್ತೆ ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಸಾಮ್ರಾಜ್ಯ. ಹಿತ್ತಿಲಿಗೆ ಕಾಲಿಡಲೊಲ್ಲರು. ಅಷ್ಟರಲ್ಲಿ ನಾದಿನಿಯ ಫೋನು ಬಂತು: "ಅಮ್ಮಾ, ನಮ್ಮನೆಗೆ ಬಂದುಬಿಡು. ಬಾಲ್ಕನಿ ಇದೆ, ಬಿಸಿಲು ಬರತ್ತೆ, ಒಂದು ಹನಿ ಕೆಸರಿಲ್ಲ." ಅತ್ತೆ "ಹೂಂ" ಅಂದುಬಿಟ್ಟರು. ತಿಂಗಳ ಕೊನೆಯ ಭಾನುವಾರ ನಾದಿನಿ ಬಂದು ಕರೆದೊಯ್ಯುವುದೆಂದು ತೀರ್ಮಾನವೂ ಆಯಿತು.

ಅತ್ತೆ ಹೋದರೆ ಮಗಳು ಪುಟ್ಟಿಯನ್ನು ನೋಡಿಕೊಳ್ಳುವವರು ಯಾರು? ಇದು ಕೇಕಮ್ಮ ಗಟ್ಟಿಯಾಗಿ ಕೇಳಿದ ಪ್ರಶ್ನೆ. ತೋಳಿಗೆಲ್ಲ ಕ್ರೀಮ್ ಮೆತ್ತಿಕೊಂಡು ಸುಸ್ತಾಗಿ ಮನೆಗೆ ಬಂದಾಗ, "ಮೊದಲು ಕೈ ತೊಳಿ, ಆಮೇಲೆ ಹೇಳು, ಇವತ್ತು ಯಾರು ಬೈದ್ರು?" ಎನ್ನುವವರು ಯಾರು? ಇದನ್ನು ಅವಳು ಯಾರ ಬಳಿಯೂ ಕೇಳಲಿಲ್ಲ.

"ಕೆಲಸ ಬಲ್ಲವರನ್ನ ಕರೆಯೋಣ ಕಣೇ," ಎಂದ ಗಂಡ.

"ಮೂರಂತಸ್ತಿನ ಕೇಕನ್ನ ಕೂದಲೆಳೆಯಷ್ಟೂ ಓರೆಯಾಗದ ಹಾಗೆ ನಿಲ್ಲಿಸ್ತೀನಿ ನಾನು. ನೆಲದ ಮೇಲೆ ಮಲಗಿರೋ ಕಲ್ಲು ನನಗೊಂದು ಲೆಕ್ಕವಾ?"

ಕೆಲಸ ಶುರುವಾಯಿತು. ಮಣ್ಣು ಅಗೆದು, ಜಲ್ಲಿ ಸುರಿದು, ಗಂಡ ಹೆಂಡತಿ ಇಬ್ಬರೂ ಅದರ ಮೇಲೆ ಕುಣಿದು ದಮ್ಮಸು ಮಾಡಿದರು. ಮದುವೆಯಾದ ಮೇಲೆ ಅವರು ಒಟ್ಟಿಗೆ ಕುಣಿದದ್ದು ಅದೇ ಮೊದಲು! ಆಮೇಲೆ ಕೇಕಮ್ಮ ಗಾರೆ ಕಲಸಿದಳು. ನುಣುಪಾಗಿ, ಹದವಾಗಿ, ಥೇಟ್ ಕ್ರೀಮಿನಂತೆ! ಕೇಕು ಹಲಗೆಯಿಂದ ಜಾರದಿರಲೆಂದು ಅಡಿಯಲ್ಲಿ ಐದು ಕಡೆ ಕ್ರೀಮ್ ಇಟ್ಟು ಅಂಟಿಸುವುದು ಅವಳ ಕೈಗೆ ಬಂದ ವಿದ್ಯೆ. ಅದೇ ಪ್ರಕಾರ ಒಂದೊಂದು ಕಲ್ಲಿನಡಿಯೂ ನಾಲ್ಕು ಮೂಲೆಗೆ ನಾಲ್ಕು, ನಡುವಿಗೊಂದು, ಮುದ್ದು ಮುದ್ದಾದ ಗಾರೆಯ ಮುದ್ದೆ ಇಟ್ಟು, ಮೇಲೆ ಕಲ್ಲು ಕೂರಿಸಿದಳು.

ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಗಂಡನಿಗೆ ರಸಮಟ್ಟ ಹಿಡಿದು ಕಲ್ಲು ಸಮವಾಗಿದೆಯೇ ಎಂದು ನೋಡುವ ಕೆಲಸ. ಅವನು ಕಲ್ಲನ್ನು ಅತ್ತ ಒತ್ತಿ, ಇತ್ತ ಒತ್ತಿ, "ಈಗ ಹೇಗೆ ಕಾಣ್ತಿದೆ? ಇದು ಚೆನ್ನಾಗಿದೆಯಾ, ಮೊದಲಿನದಾ?" ಎಂದು ಕೇಳತೊಡಗಿದ.

"ರೀ, ಇದು ಕಣ್ಣಿನ ಪರೀಕ್ಷೆ ಅಲ್ಲ!"

"ಇರಲಿ, ಇನ್ನೊಂದ್ಸಲ ನೋಡು. ಮೊದಲಿನದಾ, ಇದಾ?"

ಕಡೆಗೂ ಮುಗಿಯಿತು. ಕೆನೆ ಬಣ್ಣದ ಕಲ್ಲುಗಳು ಸಾಲಾಗಿ ಮಲಗಿ ನಗುತ್ತಿದ್ದವು. ಅತ್ತೆ ಕಿಟಕಿಯಿಂದಲೇ ತೀರ್ಪು ಕೊಟ್ಟರು: "ನೋಡೋಕೆ ಚೆಂದ. ಒಂದು ಮಳೆ ಬರಲಿ, ಆಮೇಲೆ ಮಾತಾಡೋಣ."

ಮಳೆಗೂ ಆ ಮಾತು ಕೇಳಿಸಿತೋ ಏನೋ! ನಾದಿನಿ ಬರುವ ಮುನ್ನಾದಿನವೇ ಧೋ ಎಂದು ಸುರಿದು ನಿಂತಿತು. ಬಿಸಿಲು ಬಂತು. ಕಲ್ಲುಗಳು ಒಣಗಿದವು. ಆದರೆ ಪೂರ್ತಿ ಒಣಗಲಿಲ್ಲ. ಪ್ರತಿ ಕಲ್ಲಿನ ಮೇಲೂ ತಟ್ಟೆಯಗಲದ ಐದೈದು ಒದ್ದೆ ಕಲೆ! ನಾಲ್ಕು ಮೂಲೆಗೆ ನಾಲ್ಕು, ನಡುವಿಗೊಂದು!

"ಯಾರೋ ರಾಕ್ಷಸ ಹಿತ್ತಿಲಲ್ಲಿ ದಾಳ ಉರುಳಿಸಿದ ಹಾಗಿದೆ," ಎಂದ ಗಂಡ. "ಅದೃಷ್ಟ ನೋಡು, ಎಲ್ಲಾ ಐದೇ ಬಿದ್ದಿದೆ!"

ಕೇಕಮ್ಮನಿಗೆ ನಗು ಬರಲಿಲ್ಲ. ಬಟ್ಟೆ ತಂದು ಒರೆಸಿದಳು. ಫ್ಯಾನು ತಂದಿಟ್ಟಳು. ತಲೆಕೂದಲು ಒಣಗಿಸುವ ಯಂತ್ರ ತಂದು ಒಂದೊಂದು ಚುಕ್ಕೆಗೂ ಬಿಸಿಗಾಳಿ ಊದಿದಳು. ಚುಕ್ಕೆಗಳು ಮಾನವಂತರಂತೆ ಮರೆಯಾಗಿ, ಅವಳು ಬೆನ್ನು ತಿರುಗಿಸಿದೊಡನೆ ಮರಳಿ ಬಂದವು. ಕೊನೆಗೆ ಇಸ್ತ್ರಿಪೆಟ್ಟಿಗೆಯೇ ಬಂತು! ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ನಿಮ್ಮನೇಲಿ ಕಲ್ಲಿಗೂ ಇಸ್ತ್ರೀನಾ? ನಮ್ಮನೇಲಿ ಅಂಗಿಗೇ ಗತಿಯಿಲ್ಲ!" ಎಂದು ನಿಟ್ಟುಸಿರು ಬಿಟ್ಟಳು.

ಭಾನುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ, ನಡುಮನೆಯ ಕಾರ್ಪೆಟ್ಟನ್ನು ಎಳೆದು ತಂದು ಕಲ್ಲಿನ ಮೇಲೆ ಹಾಸಿ ಮಾನ ಮುಚ್ಚಿದಳು.

ನಾದಿನಿ ಬಂದಳು, ನೋಡಿದಳು. "ಅತ್ತಿಗೆ, ಹಿತ್ತಿಲಿಗೆ ಕಾರ್ಪೆಟ್ಟಾ? ಅರಮನೆ ಆಗೋಯ್ತು!" ಎಂದು ಹುಬ್ಬೇರಿಸಿದಳು. ಅವಳ ಮಾತು ಮುಗಿಯುವುದರೊಳಗೆ ಪುಟ್ಟಿ ಕಾರ್ಪೆಟ್ಟಿನ ತುದಿ ಹಿಡಿದು, ಬಲವನ್ನೆಲ್ಲ ಹಾಕಿ, ದರದರನೆ ಎಳೆದೇಬಿಟ್ಟಳು. ಐದು, ಐದು, ಐದು!

"ಅಯ್ಯೋ! ಕಲ್ಲಿಗೆ ಸಿಡುಬು ಎದ್ದಿದೆಯಲ್ಲಾ ಅತ್ತಿಗೆ!"

ನೆಲ ಬಾಯಿ ಬಿಡಬಾರದೇ ಎನಿಸಿತು ಕೇಕಮ್ಮನಿಗೆ. ಬಿಡಲು ಸಾಧ್ಯವಿಲ್ಲದಂತೆ ಅವಳೇ ಕಲ್ಲು ಹಾಸಿದ್ದಳು!

ಪುಟ್ಟಿ ಮಾತ್ರ ಚುಕ್ಕೆಯಿಂದ ಚುಕ್ಕೆಗೆ ಜಿಗಿಯುತ್ತಿದ್ದಳು. "ಒಂದು... ಎರಡು... ನಾಲ್ಕು!"

"ಮೂರು ಎಲ್ಲಿ ಹೋಯ್ತೇ?" ಕಿಟಕಿಯಿಂದ ಅತ್ತೆಯ ದನಿ.

"ಒಂದು, ಎರಡು, ನಾಲ್ಕು!"

"ಅಯ್ಯೋ ನಿನ್ನ! ನಿನ್ನೆಯಿಂದ ಕಿಟಕೀಲಿ ಕೂತು ಗಂಟಲು ಹರ್ಕೊಂಡು ಹೇಳ್ಕೊಡ್ತಿದೀನಿ, ಮೂರನ್ನ ನುಂಗ್ತಾಳಲ್ಲ ಇವಳು!"

ಕುರ್ಚಿ ಹಿಂದೆ ಸರಿದ ಸದ್ದು. ಹಿತ್ತಿಲ ಬಾಗಿಲು ತೆರೆಯಿತು. ಸೆರಗು ಸಿಕ್ಕಿಸಿಕೊಂಡು ಅತ್ತೆ ಹೊರಗೇ ಬಂದುಬಿಟ್ಟರು! ಗಂಡ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಅತ್ತೆ ನೇರ ಹೋಗಿ ನಡುವಿನ ಚುಕ್ಕೆಯ ಮೇಲೆ ನಿಂತು, ಅಂಗಾಲಿನಿಂದ ತಟ್ಟಿ, "ಇದು ಮೂರು!" ಎಂದರು. ಹೇಳಿದ ಮೇಲೆ ತಮ್ಮ ಪಾದ ನೋಡಿಕೊಂಡರು. ಇನ್ನೊಮ್ಮೆ ಒತ್ತಿ ನೋಡಿದರು.

"ಜಾರಲ್ಲ ಕಣೇ ಇದು," ಎಂದರು ಮೆಲ್ಲಗೆ, ಸೊಸೆಯ ಕಡೆ ತಿರುಗಿ.

"ಅಮ್ಮಾ, ಹೊರಡೋಣ್ವಾ? ಬ್ಯಾಗು ಎಲ್ಲಿ?" ಎಂದಳು ನಾದಿನಿ.

"ತಡಿಯೇ, ಇವಳಿಗೆ ಐದರವರೆಗಾದರೂ ನೆಟ್ಟಗೆ ಬರಲಿ. ನಿನ್ನ ಬಾಲ್ಕನಿ ಎಲ್ಲಿಗೆ ಓಡಿ ಹೋಗತ್ತೆ?"

ನಾದಿನಿ ಒಂದು ಕೇಕಿನ ಡಬ್ಬಿ ಹಿಡಿದು ಒಬ್ಬಳೇ ಹಿಂದಿರುಗಿದಳು. ಇಷ್ಟಕ್ಕೆ ತೃಪ್ತಿಪಟ್ಟು ಸುಮ್ಮನಿದ್ದರೆ ಕೇಕಮ್ಮ ಕೇಕಮ್ಮನೇ ಅಲ್ಲ. ಸಿಡುಬು ಎಂಬ ಮಾತು ಅವಳ ಕಿವಿಯಲ್ಲಿ ಕೊರೆಯುತ್ತಿತ್ತು. ಮರುದಿನವೇ ಒಂದು ಕಲ್ಲು ಕಿತ್ತು ನೋಡಿದಳು. ಗಾರೆಯ ಮುದ್ದೆ ಇದ್ದಲ್ಲೆಲ್ಲ ನೆಲದ ತೇವ ಬತ್ತಿಯಲ್ಲಿ ಎಣ್ಣೆ ಏರುವಂತೆ ಕಲ್ಲಿಗೆ ಏರಿತ್ತು. ಮುದ್ದೆಗಳ ನಡುವಿನ ಪೊಳ್ಳಿನಲ್ಲಿ ಮಳೆನೀರು ಬಾಡಿಗೆಯಿಲ್ಲದೆ ಸಂಸಾರ ಹೂಡಿತ್ತು.

"ಬೇಕರೀಲಿ ಹೊಸಬರಿಗೆ ಏನಂತ ಬೈತೀಯ ನೀನು?" ಎಂದ ಗಂಡ, ಬಗ್ಗಿ ನೋಡುತ್ತ.

"ಪದರದ ಮೇಲೆ ಪದರ ಇಡುವಾಗ ಕ್ರೀಮು ಅಂಚಿಂದ ಅಂಚಿಗೆ ಹೋಗಬೇಕು, ಒಂದು ಇರುವೆಗೂ ಜಾಗ ಇರಬಾರದು ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಗಂಡ ಎದ್ದು ರಸಮಟ್ಟ ತರಲು ಹೋದ. ಅಂಥ ಸಮಯದಲ್ಲಿ ಮಾತಾಡದಿರುವಷ್ಟು ದೃಷ್ಟಿ ಅವನಿಗಿತ್ತು.

ಎಲ್ಲ ಕಲ್ಲೂ ಎದ್ದವು. ಈ ಸಲ ಗಾರೆಯನ್ನು ಹಾಸಿಗೆಯಂತೆ ತುಂಬ ಹರಡಿ, ಮನೆಯ ಗೋಡೆಯಿಂದ ಆಚೆಗೆ ನೀರು ಇಳಿಯುವಂತೆ ತುಸು ಇಳಿಜಾರು ಕೊಟ್ಟಳು. ಪ್ರತಿ ಕಲ್ಲಿನ ಬೆನ್ನಿಗೂ ಬ್ರಶ್ಶಿನಿಂದ ಸಿಮೆಂಟಿನ ಹಾಲು ಬಳಿದು, ಎಲ್ಲೂ ಪೊಳ್ಳು ಉಳಿಯದಂತೆ ತಟ್ಟಿ ಕೂರಿಸಿದಳು. ಗಾರೆ ಗಟ್ಟಿಯಾಯಿತು. ಮಳೆ ಬಂತು, ಹೋಯಿತು. ಕಲ್ಲುಗಳೆಲ್ಲ ಒಂದೇ ಸಮ ನೆನೆದು, ಒಂದೇ ಸಮ ಒಣಗಿದವು. ಹುಡುಕಿದರೂ ಒಂದು ಚುಕ್ಕೆಯಿಲ್ಲ! ಕೇಕಮ್ಮ ಸೊಂಟಕ್ಕೆ ಕೈಯಿಟ್ಟು, ರಾಜ್ಯ ಗೆದ್ದವಳಂತೆ ನಿಂತಳು.

ಅಷ್ಟರಲ್ಲಿ ಹಿತ್ತಿಲು ಹಾರಿಹೋಗುವಂಥ ಕಿರುಚಾಟ.

"ನನ್ನ ಐದು ಎಲ್ಲಿ? ಅಜ್ಜೀ, ಅಮ್ಮ ನನ್ನ ಐದು ಕದ್ದಳು!"

ಅತ್ತೆಯ ಮುಖವೂ ಬಾಡಿತು. "ಈಗ ತಾನೇ ಮೂರು ಹಿಡಿದಿತ್ತು ಮಗು. ಇಷ್ಟು ಬೇಗ ಅಳಿಸೋ ಅವಸರ ಏನಿತ್ತೇ ನಿನಗೆ?"

"ಸೀಮೆಸುಣ್ಣದಲ್ಲಿ ಬರೆದರಾಯ್ತು," ಎಂದ ಗಂಡ.

"ಏನಂದೆ? ಇಷ್ಟು ಚೆಂದದ ಕಲ್ಲಿಗೆ ಸುಣ್ಣ ಬಳೀತೀಯಾ? ಕಲೆ ಉಳಿದರೆ?" ಎಂದು ಅತ್ತೆ ಮಗನ ಮೇಲೇ ಹರಿಹಾಯ್ದರು.

ಹಾಗಾಗಿ ಈಗ ದಿನಾ ಬೆಳಿಗ್ಗೆ, ಬೇಕರಿಗೆ ಹೊರಡುವ ಮುನ್ನ, ಆ ಸಿಮೆಂಟಿನ ಬ್ರಶ್ಶನ್ನೇ ತೊಳೆದು ಬಕೆಟ್ ನೀರಿನಲ್ಲಿ ಅದ್ದಿ, ಮಂಡಿಯೂರಿ, ಕಲ್ಲುಗಳ ಮೇಲೆ ಕೇಕಮ್ಮ ಒದ್ದೆ ಚುಕ್ಕೆ ಇಡುತ್ತಾಳೆ. ನಾಲ್ಕು ಮೂಲೆಗೆ ನಾಲ್ಕು, ನಡುವಿಗೊಂದು. ಬಿಸಿಲಲ್ಲಿ ಕುರ್ಚಿ ಹಾಕಿ ಕೂತ ಅತ್ತೆ ಮೇಲ್ವಿಚಾರಣೆ ಮಾಡುತ್ತಾರೆ. ಅವಳಿನ್ನೂ ಗೇಟು ದಾಟಿರುವುದಿಲ್ಲ, ಹಿಂದಿನಿಂದ ಅವರ ಕೂಗು ಕೇಳಿಸುತ್ತದೆ:

"ಲೇ ಕೇಕಮ್ಮಾ, ಆಗಲೇ ಒಣಗೋಯ್ತು ನೋಡು! ಮೊದಲು ಮಾಡಿದ್ಯಲ್ಲ, ಅದು ಕೆಲಸ. ಇದೇನೇ ಇದು, ಒಂದು ಗಂಟೆನೂ ನಿಲ್ಲಲ್ಲ!"