ಬಾಳೆಬುಡಕ್ಕೆ ಹೋದ ಕಫ

ಗಂಡಸರು ಹೇಳಿದ ಕೆಲಸ ಮಾಡುವುದಿಲ್ಲವೆಂದಲ್ಲ. ಚೊಕ್ಕವಾಗಿ ಮಾಡಲು ಹೋಗಿ ಕೆಡಿಸುತ್ತಾರೆ. ಅಂದು ನಾನು ದೋಸೆಗೆ ಅರೆಯುತ್ತಿದ್ದೆ. ನಮ್ಮ ಮನೆಯವರು ಹೊನ್ನಾವರದ ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಕುಳಿತು, "ಸೀಸೆ ವಾಪಸ್ ಕೊಟ್ರು. ಅದು ಕಫ ಅಲ್ವಂತೆ, ಬರೀ ಉಗುಳಂತೆ" ಎಂದರು.

ಮಳೆಗಾಲ ಬಿಟ್ಟರೂ ಇವರನ್ನು ಬಿಡದ ಕೆಮ್ಮು. ಕ್ಷಯವಿರಬಹುದೆಂದು ಡಾಕ್ಟರರಿಗೆ ಅನುಮಾನ. ಹೌದಾದರೆ ಇವರ ಮಾಸ್ತರಿಕೆ ಹೋಯಿತು, ಮಕ್ಕಳನ್ನು ನನ್ನ ತವರಿಗೆ ಕಳಿಸಬೇಕು. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿದ ಕಫ ತನ್ನಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ, ಆ ರೋಗದ ಕ್ರಿಮಿ ಇದ್ದರೆ ಕೆಂಪು ಕಡ್ಡಿಯಂತೆ ಕಾಣುತ್ತದೆ ಎಂದಿದ್ದರು. ಇವರು ಮಾಡಿದ್ದೇನು? ಎದ್ದವರೇ ಬಾವಿಕಟ್ಟೆಗೆ ಹೋಗಿ, ನಾಲಿಗೆ ಕೆರೆದು, ಕ್ಯಾಕರಿಸಿ, ನಮ್ಮೂರು ಹೆಬಳೆಯ ಅರ್ಧವನ್ನು ಎಬ್ಬಿಸುವ ನಿತ್ಯದ ಗರ್ಜನೆ ಮುಗಿಸಿದರು. ಅದು ವಂಶದ ವಿದ್ಯೆ. ತೀರಿಕೊಂಡ ಮಾವನವರ ಗರ್ಜನೆಗೆ ಕೊಟ್ಟಿಗೆಯ ಹಸು ಎದ್ದು ನಿಲ್ಲುತ್ತಿತ್ತಂತೆ. ಡಾಕ್ಟರರಿಗೆ ಬೇಕಾದದ್ದೆಲ್ಲ ಬಾಳೆಬುಡಕ್ಕೆ ಬಿತ್ತು. ಆಮೇಲೆ ಸ್ನಾನ, ಪೂಜೆ ಮುಗಿಸಿ, ಶುದ್ಧವಾದ ಬಾಯಿಂದ ಒಂದಿಷ್ಟು ಉಗುಳನ್ನು ಸೀಸೆಗೆ ಹಾಕಿ, ಬಸ್ಸು ಹತ್ತಿಸಿ, ದೋಣಿಯಲ್ಲಿ ಶರಾವತಿ ದಾಟಿಸಿ ಕೊಟ್ಟುಬಂದರು!

"ಮತ್ತೆಂತ, ಅಷ್ಟು ದೊಡ್ಡ ಡಾಕ್ಟರಿಗೆ ಹೊಲಸು ಕೊಡೂದಾ?" ಎಂದು ನನ್ನನ್ನೇ ಕೇಳಿದರು.

ಮರುದಿನ ಅವರು ಕಣ್ಣು ಬಿಡುವಾಗ ನಾನು ಸೀಸೆ ಹಿಡಿದು ನಿಂತಿದ್ದೆ. ಹಾಸಿಗೆಯಲ್ಲಿ ಕೂತರೆ ಕಫ ಬರುವುದಿಲ್ಲವಂತೆ, ಬಾವಿಕಟ್ಟೆಯೇ ಆಗಬೇಕಂತೆ. ಸರಿ, ಅಲ್ಲಿಗೇ ಹೋದೆವು. ಅಲ್ಲಿ ಅತ್ತೆ.

"ಎಂತದೇ ಇದು? ಗಂಡನ ಬಾಯಿಗೆ ಸೀಸೆ ಹಿಡ್ಕಂಡು ನಿಂತ್ಯಲ್ಲೇ! ಮೊದ್ಲು ಬಾಯಿ ತೊಳೀಲಿ ಅವ."

"ತೊಳೆದ್ರೆ ಇವತ್ತೂ ಬಾಳೆಗಿಡಕ್ಕೇ ಪರೀಕ್ಷೆ ಆಗ್ತದೆ, ಅತ್ತೆ."

ಅತ್ತೆ ಮುಖ ತಿರುಗಿಸಿದರು. ಇವರು ಗರ್ಜಿಸಿದರು. ದೇವರು ದೊಡ್ಡವನು, ಬಂತು.

ಈ ಸಲ ಆಸ್ಪತ್ರೆಯಿಂದ ಬಂದವರು, "ಕ್ರಿಮಿ ಕಾಣ್ಲಿಲ್ವಂತೆ" ಎಂದರು. ನಾನು ಒಳಗೆ ಓಡಿ, ಈ ಯುದ್ಧಕಾಲದ ಅಭಾವದಲ್ಲೂ ಜೋಪಾನ ಮಾಡಿಟ್ಟ ತುಪ್ಪವನ್ನು ಸುರಿದು ದೀಪ ಹಚ್ಚಿ ಕೈಮುಗಿದು ಬಂದೆ. ಆಗ ಮಾತು ಮುಂದುವರಿಯಿತು: "ಒಂದು ಸಲ ಕಾಣ್ದಿದ್ರೆ ಇಲ್ಲ ಅಂತ ಅಲ್ವಂತೆ. ಮುಂದಿನ ವಾರ ಇನ್ನೊಂದು ಸೀಸೆ ಬೇಕಂತೆ."

ಈ ಮನುಷ್ಯನಿಗೆ ಎರಡನೆಯ ಮಾತನ್ನು ಮೊದಲೇ ಆಡಲು ಏನಾಗಿತ್ತು? ಹಚ್ಚಿದ ದೀಪ ಆರಿಸಲಾದೀತೇ? ಅರ್ಧ ಸಮಾಧಾನಕ್ಕೆ ಪೂರ್ತಿ ತುಪ್ಪ. ಇರಲಿ, ದೇವರು ಅರ್ಧವನ್ನಾದರೂ ಕೊಟ್ಟನಲ್ಲ.

"ದೇವರಿದ್ದಾನೆ, ನಂಬಿಕೆ ಬೇಕು" ಎಂದು ಅವರಿಗೆ ಧೈರ್ಯ ಹೇಳಿ, ಅವರ ಊಟದ ತಟ್ಟೆಯನ್ನು ಮಕ್ಕಳ ತಟ್ಟೆಗಳಿಂದ ಬೇರೆ ಮಾಡಿ, ಕುದಿಯುವ ನೀರು ಸುರಿಯಲು ಹೋದೆ.