ಮುನ್ನೂರು ಪರದೆಗಳೂ ಒಂದು ಹಸಿರು ಪೊಟ್ಟಣವೂ

ಹಬ್ಬಕ್ಕೆ ಎಲ್ಲರಿಗೂ ಶುಭಾಶಯ ಹೇಳಬೇಕೆಂದು ಲಿಯಾವ್ ಸಾಹೇಬರಿಗೆ ಅನ್ನಿಸಿದ್ದೇ ಎಲ್ಲಕ್ಕೂ ಮೂಲ.

ತೈಪೆಯ ನೇಹೂ ಬಡಾವಣೆಯಲ್ಲಿದ್ದ ಅವರ ಕಂಪನಿ ಮುನ್ನೂರು ಕ್ಲಿನಿಕ್ಕುಗಳಲ್ಲಿ ರೋಗಿಗಳ ಸರದಿ ತೋರಿಸುವ ಟೋಕನ್ ಪರದೆಗಳನ್ನು ನಡೆಸುತ್ತಿತ್ತು. ಮರುದಿನ ಶರತ್ಕಾಲದ ಹುಣ್ಣಿಮೆ ಹಬ್ಬ. ಸಾಹೇಬರು ಬೆಳಿಗ್ಗೆಯೇ ಎಂಜಿನಿಯರ್ ಷು-ಹೆಂಗ್‌ನನ್ನು ಕರೆದರು.

"ಟೋಕನ್ ನಂಬರಿನ ಕೆಳಗೆ ಒಂದು ಸಾಲು ಶುಭಾಶಯ ಬರ್ಲಿ. ಅದೊಂದು ಮುಗಿಸಿ ನೀನು ಊರಿಗೆ ಹೊರಡು. ಏನಾದ್ರೂ ಎಡವಟ್ಟಾಯ್ತೋ, ರಜಾ ಮೂರು ದಿನಾನೂ ಇಲ್ಲೇ ಕೂತು ಕಾವಲು ಕಾಯ್ಬೇಕಾಗುತ್ತೆ."

ಷು-ಹೆಂಗ್ ಎರಡು ವರ್ಷದಿಂದ ತೈತುಂಗ್‌ನ ಮನೆಯ ಮುಖ ನೋಡಿರಲಿಲ್ಲ. ಹಿಂದಿನ ಎರಡು ಹುಣ್ಣಿಮೆಗಳನ್ನೂ ಇದೇ ಕುರ್ಚಿಯಲ್ಲಿ ಕಳೆದಿದ್ದ. ಈ ಸಲ ಸಂಜೆ ಐದೂ ನಲವತ್ತರ ರೈಲಿಗೆ ಟಿಕೆಟ್ ಸಿಕ್ಕಿತ್ತು. ಅಂಗಳದಲ್ಲಿ ಇದ್ದಿಲಿನ ಮೇಲೆ ಸುಡಲೆಂದು ಅಮ್ಮ ಆಗಲೇ ಮಾಂಸಕ್ಕೆ ಮಸಾಲೆ ಸವರಿಟ್ಟಿದ್ದಳು.

ಕೆಲಸವೇನೋ ಅವನ ಮನಸ್ಸಿಗೆ ಒಪ್ಪುವಂಥದ್ದೇ. ಗಾಜಿನ ಕೋಣೆಯಲ್ಲಿ ಒಟ್ಟಾಗಿ ದುಡಿಯುವ ಹನ್ನೆರಡು ಯಂತ್ರಗಳ ಕ್ಲಸ್ಟರ್ ಇತ್ತು. ಅದರೊಳಗೆ ಕ್ಲಿನಿಕ್ಕಿಗೊಂದರಂತೆ ಮುನ್ನೂರು ಕಂಟೇನರುಗಳು. ಕಂಟೇನರ್ ಎಂದರೆ ಪ್ರೋಗ್ರಾಮನ್ನು ಒಳಗಿಟ್ಟು ಬಿಗಿಯಾಗಿ ಮುಚ್ಚಿದ ಡಬ್ಬಿಯ ಹಾಗೆ, ಒಡೆದು ಕೈಹಾಕುವಂತಿಲ್ಲ. ಆದರೂ ಹೊರಗೆ ಏನು ತೋರಿಸಬೇಕೆಂಬ ಸೂಚನೆಯ ಒಂದೇ ಒಂದು ಕಾನ್ಫಿಗ್ ಫೈಲ್ ಬರೆದಿಟ್ಟು, ಇದು ಎಲ್ಲರ ಒಳಗೂ ಇರಲಿ ಎಂದು ಕ್ಲಸ್ಟರಿಗೆ ಹೇಳಿ, ಕಂಟೇನರುಗಳನ್ನು ಒಮ್ಮೆ ಮಲಗಿಸಿ ಎಬ್ಬಿಸಿದರೆ ಸಾಕು. ಮುನ್ನೂರರ ಹೊಟ್ಟೆಯಲ್ಲೂ ಅದೇ ಫೈಲು ಕೂತಿರುತ್ತದೆ. ಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದರೂ ಪ್ರತಿ ಸಲ ಅವನ ಮೈ ಜುಮ್ಮೆನ್ನುತ್ತಿತ್ತು. ಎಬ್ಬಿಸಲು ಮಾತ್ರ ಸಾಹೇಬರ ಮೊಹರು ಬಿದ್ದ ಕಾಗದ ಬೇಕು. ಅದೂ ಸಿಕ್ಕಿತು.

ಹತ್ತು ಗಂಟೆಗೆ ಷು-ಹೆಂಗ್ ಗುಂಡಿ ಒತ್ತಿದ. ಗೋಡೆಯ ದೊಡ್ಡ ಪರದೆಯಲ್ಲಿ ಮುನ್ನೂರು ಕ್ಲಿನಿಕ್ಕುಗಳೂ ಸಾಲಾಗಿ ಹೊಳೆದವು: "ಹುಣ್ಣಿಮೆ ಹಬ್ಬದ ಶುಭಾಶಯಗಳು." ಅವನು ಬಾಯಿ ತೆರೆದುಕೊಂಡು ನೋಡಿದ. ನಂಬರುಗಳು ಎಲ್ಲೂ ಇಲ್ಲವೆಂದು ಗೊತ್ತಾಗಲು ಒಂದು ನಿಮಿಷ ಹಿಡಿಯಿತು.

ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತ್ತು. "ಇಲ್ಲಿ ನಲವತ್ತು ಜನ ಅಜ್ಜಂದಿರು ಕೂತಿದಾರೆ," ಎಂದಳು ಒಬ್ಬ ನರ್ಸಮ್ಮ. "ಒಬ್ಬೊಬ್ಬರೂ ಮುಂದಿನ ಸರದಿ ನಂದೇ ಅಂತಾರೆ. ಶುಭಾಶಯ ನೀವೇ ಬಂದು ಹೇಳಿ."

ಆಫೀಸಿನ ಉಗ್ರಾಣದಿಂದ ಹಿಡಿದು ಎಲ್ಲರ ಜಾತಕದವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಪೇ-ಚೆನ್ ಅಕ್ಕ ನೇರ ಗಾಜಿನ ಕೋಣೆಗೆ ಹೋದಳು. ಯಂತ್ರಗಳು ಹೇಳಿದಂತೆ ಕೇಳಿಕೊಂಡಿರಲಿ ಎಂದು ಅಲ್ಲಿನ ಆಫೀಸುಗಳ ವಾಡಿಕೆಯಂತೆ ಅವುಗಳ ನೆತ್ತಿಯ ಮೇಲೆ ಇಟ್ಟಿದ್ದ ಜೋಳದ ತಿಂಡಿಯ ಹಸಿರು ಪೊಟ್ಟಣವನ್ನು ತಿರುಗಿಸಿ ನೋಡಿದಳು.

"ಸಾಹೇಬ್ರೇ, ಇದರ ಅವಧಿ ಮೊನ್ನೆಗೇ ಮುಗಿದಿದೆ."

ಲಿಯಾವ್ ಸಾಹೇಬರ ಮುಖ ಬಿಳಿಚಿಕೊಂಡಿತು. "ಬೇಗ ಹೊಸದು ತನ್ನಿ. ಹಸಿರೇ ಇರ್ಬೇಕು. ಹಳದಿ ಇಟ್ಟು ಹೋದ ವರ್ಷ ಪಕ್ಕದ ಕಂಪನಿಯವರು ಪಟ್ಟಿದ್ದು ಸಾಕು."

ಷು-ಹೆಂಗ್ ತಲೆ ಬಗ್ಗಿಸಿ ಹುಡುಕಿದ. ಮೂರು ಗಂಟೆಗೆ ಸಿಕ್ಕಿತು. ಫೈಲನ್ನು ಅದರ ಜಾಗದಲ್ಲಿಡುವ ಬದಲು ಇಡೀ ಫೋಲ್ಡರಿನ ಮೇಲೆ ಹಾಸಿಬಿಟ್ಟಿದ್ದ. ನಂಬರು ತೋರಿಸುವ ಹಳೆಯ ಫೈಲುಗಳೆಲ್ಲ ಅದರಡಿ ಮರೆಯಾಗಿದ್ದವು. ಕಳೆದುಹೋಗಿರಲಿಲ್ಲ, ಮುಚ್ಚಿಹೋಗಿದ್ದವು ಅಷ್ಟೇ. ಒಂದು ಸಾಲು ತಿದ್ದಿದ. ಇನ್ನು ಕಂಟೇನರುಗಳನ್ನು ಮತ್ತೊಮ್ಮೆ ಎಬ್ಬಿಸಬೇಕು. ಕಾಗದ ಹಿಡಿದು ಓಡಿದ.

"ಸರ್, ಒಂದು ಮೊಹರು."

"ಮೊದಲು ಪೊಟ್ಟಣ ಬರ್ಲಿ. ಅದಿಲ್ದೆ ಯಂತ್ರ ಮುಟ್ಟೋದುಂಟೇ," ಎಂದು ಸಾಹೇಬರು ಮೇಜಿನ ಖಾನೆಗೆ ಬೀಗ ಹಾಕಿದರು.

ರಜೆಗೆಂದು ಊರಿನ ಆಫೀಸುಗಳೆಲ್ಲ ಹಸಿರು ಪೊಟ್ಟಣ ಕೊಂಡಿಟ್ಟುಕೊಂಡಿದ್ದವು. ಆರು ಅಂಗಡಿ ಅಲೆದ ಪೇ-ಚೆನ್ ಅಕ್ಕ ನಾಲ್ಕೂ ಮುಕ್ಕಾಲಿಗೆ ಏದುಸಿರು ಬಿಡುತ್ತ ಬಂದಳು. ಕುರ್ಚಿ ಹತ್ತಿ ಹಳೆಯದನ್ನು ತೆಗೆದು ಹೊಸದನ್ನಿಟ್ಟು ಕೈಮುಗಿದಳು. ಇಳಿಯುವಾಗ ಅವಳ ಕೈಚೀಲ ಸಿಕ್ಕಿಕೊಂಡು ಪ್ಲಗ್ಗು ಕಿತ್ತುಬಂತು. ಹನ್ನೆರಡು ಯಂತ್ರಗಳೂ ಕಣ್ಣುಮುಚ್ಚಿದವು. ಅಕ್ಕ ಯಾರಿಗೂ ಕಾಣದಂತೆ ಪ್ಲಗ್ಗನ್ನು ತಿರುಗಿ ಸಿಕ್ಕಿಸಿದಳು. ಷು-ಹೆಂಗ್ ಮಾತ್ರ ನೋಡಿದ.

ಯಂತ್ರಗಳು ಎದ್ದವು, ಅವುಗಳ ಜೊತೆ ಕಂಟೇನರುಗಳೂ ಎದ್ದವು. ಗೋಡೆಯ ಪರದೆಯ ಮೇಲೆ ಮುನ್ನೂರು ನಂಬರುಗಳು ಒಂದೊಂದಾಗಿ ಅರಳಿದವು, ಪ್ರತಿಯೊಂದರ ಕೆಳಗೂ ಶುಭಾಶಯ. ಸಾಹೇಬರ ಕಣ್ಣು ಒದ್ದೆಯಾಗಿತ್ತು.

"ಇದರಲ್ಲಿ ಯಾರ ತಪ್ಪೂ ಇಲ್ಲ," ಎಂದರು ಮೆಲ್ಲಗೆ. "ಅವಧಿ ಮುಗಿದಿತ್ತು, ಸಿಟ್ಟು ಬಂದಿತ್ತು. ಷು-ಹೆಂಗ್, ಹೊರಡಪ್ಪ, ರೈಲು ತಪ್ಪುತ್ತೆ. ಅಮ್ಮನ್ನ ಕೇಳಿದೆ ಅಂತ ಹೇಳು."

ಷು-ಹೆಂಗ್ ಚೀಲ ಹೆಗಲಿಗೇರಿಸಿದ. ಲಿಫ್ಟಿನವರೆಗೂ ಹೋದ, ಬಾಗಿಲೂ ತೆರೆಯಿತು. ಆದರೆ ಒಂದೇ ಫೈಲು ಮುನ್ನೂರು ಮುಚ್ಚಿದ ಡಬ್ಬಿಗಳೊಳಗೆ ಹೊಕ್ಕ ಆ ಬೆರಗನ್ನು ಜೋಳದ ತಿಂಡಿಯ ಖಾತೆಗೆ ಬರೆದು ಹೋಗುವುದು ಅವನಿಂದಾಗಲಿಲ್ಲ. ಹಿಂದಿರುಗಿ ಬಂದು ಬೋರ್ಡಿನ ಮುಂದೆ ನಿಂತ. ಚಿತ್ರ ಬರೆದ, ಬಾಣ ಎಳೆದ, ಫೈಲು ಹೇಗೆ ಮೇಲೆ ಕೂತಿತು, ಅಡಿಯಲ್ಲಿದ್ದವು ಹೇಗೆ ಮರೆಯಾದವು, ಯಂತ್ರ ಆರಿ ಹತ್ತಿದಾಗ ತಿದ್ದಿದ ಸಾಲು ಹೇಗೆ ಜಾರಿಗೆ ಬಂತು ಎಂದು ಇಪ್ಪತ್ತು ನಿಮಿಷ ಹೇಳಿದ. ಹದಿನೈದು ವರ್ಷದಿಂದ ಕಂಪನಿ ನಡೆಸುತ್ತಿದ್ದ ಸಾಹೇಬರು ಮೊದಲ ಸಲ ಅರ್ಥವಾದವರಂತೆ ಕಣ್ಣರಳಿಸಿ ಕೇಳಿದರು.

"ಎಂಥಾ ಅದ್ಭುತ ಮಾರಾಯ. ಹಾಗಾದ್ರೆ ಪೊಟ್ಟಣದ ತಪ್ಪೇ ಇಲ್ಲ."

"ಏನೇನೂ ಇಲ್ಲ ಸರ್."

"ಎಲ್ಲಾನೂ ಮುಚ್ಚಿಹಾಕಿದ್ದು ನಿನ್ನ ಫೈಲು."

"ನಂದೇ ಸರ್," ಎಂದ ಷು-ಹೆಂಗ್ ಹೆಮ್ಮೆಯಿಂದ. ಆಡಿದ ಮಾತು ಅವನ ಕಿವಿಗೆ ಆಮೇಲೆ ಬಿತ್ತು.

ಸಾಹೇಬರು ಖಾನೆಯ ಬೀಗ ತೆಗೆದರು. ರಜೆಯ ಕಾವಲಿನ ಕಾಗದದಲ್ಲಿ ಅವನ ಹೆಸರು ಬರೆದು, ಮೊಹರನ್ನು ಕೆಂಪು ಶಾಯಿಗದ್ದಿ ಒತ್ತಿದರು.

ಷು-ಹೆಂಗ್ ಊರಿಗೆ ಫೋನು ಮಾಡಿ, ಎಡವಟ್ಟಾಯಿತು, ಈ ಸಲವೂ ಬರಲಾಗುವುದಿಲ್ಲ ಎಂದ.

"ಯಾರ ತಪ್ಪಂತೋ?" ಎಂದಳು ಅಮ್ಮ.

"ನಂದೇ ಅಮ್ಮಾ."

"ಯಾರು ಹಾಗೆ ಚಾಡಿ ಹೇಳಿದ್ದು?"

"ನಾನೇ."

ಹಾಗಾದರೆ ಮಾಂಸವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತೇನೆ ಎಂದಳು ಅಮ್ಮ.